‘ಟೋಕಿಯೋ ಸ್ಟೋರಿ’ಗೆ ವಿಜಯಪುರದ ಕನ್ನಡ: ಸಬ್‌ಟೈಟಲ್ ಕೆಲಸ ಎಲ್ಲಿಗೆ ಬಂತು

ಮುದಿ ತಂದೆತಾಯಿ ಟೋಕಿಯೋದ ಮಕ್ಕಳ ಮನೆಗೆ ಹೋಗಿ ಬರುವ ಜಪಾನಿ ಚಿತ್ರ ‘ಟೋಕಿಯೋ ಸ್ಟೋರಿ’ಗೆ ಕನ್ನಡ ಸಬ್‌ಟೈಟಲ್ ಬರೆಯುತ್ತಿದ್ದೇವೆ. ವಾರ 3. ಯಾಸುಜಿರೊ ಓಜು ಅವರ 1953ರ ಈ ಚಿತ್ರ 136 ನಿಮಿಷದ್ದು. ಕಡತ ಇಟ್ಟುಕೊಂಡಿದ್ದು ಎಸ್‌ಆರ್‌ಟಿ ರೂಪದಲ್ಲಿ (ಸಾಲು ಮತ್ತು ಅದರ ಸಮಯ ಮಾತ್ರ ಇರುವ ಸರಳ ಪಠ್ಯ ಕಡತ), ಅಕ್ಷರ ಉಳಿಸುವ ಸಂಕೇತ ಯುಟಿಎಫ್-8. ಕನ್ನಡವಿಲ್ಲದ ಹಳೆಯ ಸಂಕೇತದಲ್ಲಿ ಉಳಿಸಿದರೆ ಕನ್ನಡದ ಜಾಗದಲ್ಲಿ ಪ್ರಶ್ನೆಚಿಹ್ನೆ ಬರುತ್ತವೆ.

ಮೊದಲ ತೊಡಕು ಮಾತು ಮತ್ತು ಅಕ್ಷರದ ಹೊಂದಾಣಿಕೆಯದು. ಆರಂಭದಲ್ಲಿ ಸರಿ ಇದ್ದು ಬರಬರುತ್ತ ದೂರವಾದರೆ ಫ್ರೇಮ್ ವೇಗದ ತಪ್ಪು: ಸೆಕೆಂಡಿಗೆ 23.976 ಫ್ರೇಮಿನ ಚಿತ್ರಕ್ಕೆ 25 ಫ್ರೇಮಿನ ಕಡತ ಹಾಕಿದರೆ ಕೊನೆಗೆ ಐದೂವರೆ ನಿಮಿಷ ಮುಂದೋಡಿರುತ್ತದೆ. ‘ಸಬ್‌ಟೈಟಲ್ ಎಡಿಟ್’ ತಂತ್ರಾಂಶದಲ್ಲಿ ಫ್ರೇಮ್ ವೇಗ ಬದಲಿಸಬೇಕು. ಉದ್ದಕ್ಕೂ ಅಷ್ಟೇ ಅಂತರವಿದ್ದರೆ ಸಮಯ ಸರಿಸಿದರೆ ಸಾಕು.

ಓಜು ಮಾತಾಡುವವರನ್ನು ಒಬ್ಬೊಬ್ಬರನ್ನಾಗಿ ಎದುರುಮುಖವಾಗಿ ತೋರಿಸುತ್ತಾರೆ. ಸಾಲು ಶಾಟ್ ದಾಟಿ ಉಳಿದರೆ ಅಪ್ಪನ ಮಾತು ಮಗಳ ಬಾಯಿಗೆ ಬೀಳುತ್ತದೆ. ಹಾಗಾಗಿ ಶಾಟ್ ಮುಗಿಯುವ 2 ಫ್ರೇಮ್ ಮೊದಲೇ ಸಾಲು ತೆಗೆಯುತ್ತಿದ್ದೇವೆ. ಒಂದು ಸಾಲಿಗೆ 30 ಅಕ್ಷರ, ಹೆಚ್ಚೆಂದರೆ ಎರಡು ಸಾಲು. ಹಳೆಯ ಟಿವಿಗಳಲ್ಲಿ ಒತ್ತಕ್ಷರ ಒಡೆದು ಕಾಣುವುದರಿಂದ ಕೊನೆಗೆ ಅಕ್ಷರಗಳನ್ನು ಚಿತ್ರದೊಳಗೇ ಅಚ್ಚು ಮಾಡುವುದು ಒಳ್ಳೆಯದು.

ವಾರ 4 ಪೂರ್ತಿ ಸಂಬಂಧದ ಪದಗಳಿಗೇ ಹೋಯಿತು, ಹೋಗಬೇಕಾದದ್ದೇ. ಇಂಗ್ಲಿಷ್ ಸಬ್‌ಟೈಟಲ್ ನೋಡಿ ಅನುವಾದಿಸಿದರೆ ವಿಧವೆ ಸೊಸೆ ನೊರಿಕೊ ಮಾವನಿಗೆ ‘ಅಪ್ಪಾ’ ಅನ್ನಬೇಕಾಗುತ್ತದೆ. ಜಪಾನೀಯರಲ್ಲಿ ಅದು ಸರಿ, ನಮ್ಮ ಮನೆಯಲ್ಲಿ ‘ಮಾವಾರ’. ಊರಲ್ಲೇ ಇರುವ ಕಿರಿಮಗಳು ಕ್ಯೋಕೊ ಅಣ್ಣನ ಹೆಂಡತಿ ನೊರಿಕೊಳನ್ನು ಕರೆಯುವುದು ‘ವೈನಿ’ ಎಂದೇ ಆಗಬೇಕು. ಮನೆಯಿಂದ ಹೊರಡುವಾಗಿನ ‘ಇತ್ತೆ ಕಿಮಾಸು’ ಅಂತೂ ಅಕ್ಷರಶಃ ನಮ್ಮ ‘ಹೋಗಿ ಬರ್ತೀನಿ’. ಇಂಗ್ಲಿಷಿನಲ್ಲಿ ಆ ‘ಬರ್ತೀನಿ’ ಕಳೆದೇ ಹೋಗುತ್ತದೆ. ಮಕ್ಕಳ ಮನೆಗೆ ಹೋಗಿ ಬಂದ ಮೇಲೆ ಮತ್ತೆಂದೂ ಹೋಗದ ತಾಯಿಯ ಕಥೆಯಲ್ಲಿ ಅದು ಸಣ್ಣ ನಷ್ಟವಲ್ಲ.

ಮುದುಕ ಮುದುಕಿ ಆಡುವುದು ತಮ್ಮ ಊರು ಒನೊಮಿಚಿ ಕಡೆಯ ಆಡುನುಡಿ. ಅದಕ್ಕೆ ವಿಜಯಪುರದ ಮಾತು ಕೊಟ್ಟು, ಟೋಕಿಯೋದಲ್ಲಿ ನೆಲೆಸಿದ ಮಕ್ಕಳಿಗೆ ಶಿಷ್ಟ ಕನ್ನಡ ಇಟ್ಟಿದ್ದೇವೆ. ಊರು ಬಿಟ್ಟವರ ದೂರ ಈಗ ಓದುವಾಗಲೇ ತಿಳಿಯುತ್ತದೆ.

ಎಲ್ಲಕ್ಕಿಂತ ಹೆಚ್ಚು ಸಲ ತಿದ್ದಿದ್ದು ಕೊನೆಯ ಭಾಗದ ಕ್ಯೋಕೊಳ ಪ್ರಶ್ನೆ. ಇಂಗ್ಲಿಷ್ ಅದನ್ನು ಬದುಕಿನ ನಿರಾಶೆ ಮಾಡಿದೆ. ಮೂಲದ ‘ಯೋನೋನಾಕಾ’ ಎಂದರೆ ಲೋಕ, ನಾಲ್ಕು ಜನರ ನಡವಳಿಕೆ. ಸದ್ಯದ ರೂಪ: “ಲೋಕ ಅಂದ್ರ ಬ್ಯಾಸರ, ಅಲ್ಲೇನ್ರಿ ವೈನಿ?” ನೊರಿಕೊ ನಗುತ್ತಲೇ ಹೌದು ಅನ್ನುತ್ತಾಳೆ. ಮಾತು ಮುಗಿದ ಮೇಲೆ ಆ ನಗುವಿನ ಮೇಲೆ ಅಕ್ಷರ ನಿಲ್ಲಬಾರದು, ಮುಖ ಖಾಲಿ ಬಿಡಬೇಕು.

ಮುಂದಿನದು ಅಕಿರಾ ಕುರೊಸಾವಾ ಅವರ 1952ರ ‘ಇಕಿರು’. ಅದರ ಜೊತೆ ಗಿರೀಶ್ ಕಾಸರವಳ್ಳಿ ಅವರ ‘ತಬರನ ಕಥೆ’ ತೋರಿಸುವ ಯೋಜನೆ. ಒಂದರಲ್ಲಿ ಕಚೇರಿಯ ಕುರ್ಚಿಯ ಕಡೆಯಿಂದ ನೋಡುತ್ತೇವೆ, ಇನ್ನೊಂದರಲ್ಲಿ ಪಿಂಚಣಿಗಾಗಿ ಅಲೆಯುವವನ ಕಡೆಯಿಂದ. ‘ಇಕಿರು’ ಚಿತ್ರದ ನಗರಸಭೆಯ ಮಾತಿಗೂ ಕಡತ, ಷರಾ, ಟಪಾಲು, ಸಾಹೇಬ್ರು ಎಂಬ ಪದಗಳನ್ನೇ ಪಟ್ಟಿ ಮಾಡಿಕೊಳ್ಳುತ್ತಿದ್ದೇವೆ.