ಕಡ್ಡಾಯ ಅಂಕಣದಲ್ಲಿದ್ದದ್ದು ಅಪ್ಪನ ನಂಬರ್

ನಮ್ಮ ಮಕ್ಕಳ ಮಾರ್ಗದರ್ಶನ ಕ್ಲಿನಿಕ್‌ನಲ್ಲಿ ಬಳಸುವ ತಂತ್ರಾಂಶದಲ್ಲಿ ಪೋಷಕರ ಮೊಬೈಲ್ ಸಂಖ್ಯೆ ತುಂಬದಿದ್ದರೆ ಮುಂದಿನ ಪುಟ ತೆರೆಯುವುದೇ ಇಲ್ಲ. ನಾನು ಹೇಳುತ್ತಿರುವುದು ಮಾನಸಿಕ ಆರೋಗ್ಯ ದಾಖಲೆಗಳಿಗಾಗಿ ರಾಜ್ಯ ಸರ್ಕಾರ ನಡೆಸುವ ಇ-ಮಾನಸ್ ಎಂಬ ಆನ್‌ಲೈನ್ ವ್ಯವಸ್ಥೆಯ ವಿಷಯವಲ್ಲ. ಶಾಲೆ, ಕ್ಲಿನಿಕ್, ಜಿಲ್ಲಾ ಆಸ್ಪತ್ರೆಯ ಮನೋವೈದ್ಯರು ಮತ್ತು ಮಕ್ಕಳ ರಕ್ಷಣಾ ಘಟಕದವರು ಒಂದೇ ಕಡತ ನೋಡಿ ಕೆಲಸ ಮಾಡಲೆಂದು ಖಾಸಗಿ ಸಂಸ್ಥೆಯೊಂದು ನಮಗೆ ಸಿದ್ಧಪಡಿಸಿಕೊಟ್ಟ ವ್ಯವಸ್ಥೆ ಅದು. ಆ ಉದ್ದೇಶದ ಬಗ್ಗೆ ನನಗೆ ಇಂದಿಗೂ ಗೌರವವಿದೆ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17ರ ವಯಸ್ಸಿನವರಲ್ಲಿ ಶೇ. 7.3ರಷ್ಟು ಮಂದಿಗೆ ಮಾನಸಿಕ ಸಮಸ್ಯೆಗಳಿವೆ. ಅಂಥ ಮಕ್ಕಳನ್ನು ಶಿಕ್ಷಕರ ಚೀಟಿ ಹಾಗೂ ಒಪಿಡಿ ಪುಸ್ತಕಗಳ ಭರವಸೆಯ ಮೇಲೆ ಬಿಡಲಾಗದು.

ಅಂದು ಶಿಕ್ಷಕಿಯೊಬ್ಬರ ರೆಫರಲ್ ಮೇಲೆ ಎಂಟನೇ ತರಗತಿಯ ಹುಡುಗಿಯೊಬ್ಬಳು ತಾಯಿಯೊಂದಿಗೆ ಬಂದಿದ್ದಳು. (ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ.) ತಾಯಿಯನ್ನು ಹೊರಗೆ ಕೂರಿಸಿ ಮಾತನಾಡಿಸಿದಾಗ, ಮನೆಯಲ್ಲಿ ಅಪ್ಪನ ಹೊಡೆತ ನಿತ್ಯದ ಸಂಗತಿಯೆಂದೂ, ಇಲ್ಲಿಗೆ ಬಂದದ್ದು ಅವರಿಗೆ ತಿಳಿದರೆ ಅಮ್ಮನನ್ನೂ ತನ್ನನ್ನೂ ಬಿಡುವುದಿಲ್ಲವೆಂದೂ ಹೇಳಿದಳು. ಮಕ್ಕಳ ಕಲ್ಯಾಣ ಸಮಿತಿಗೆ ವರದಿ ಕಳುಹಿಸಿ, ತಾಯಿಯೊಂದಿಗೆ ಕುಳಿತು ಸುರಕ್ಷತೆಯ ಯೋಜನೆ ಮಾಡಿ, ಮುಂದಿನ ಭೇಟಿಯ ದಿನಾಂಕ ನಮೂದಿಸಿ ಸೇವ್ ಒತ್ತಿದೆವು. ಅವರಿಬ್ಬರೂ ಬಸ್ಸಿಗೆ ಹೊರಟ ಮೇಲೆ ನಮ್ಮ ಡೇಟಾ ಎಂಟ್ರಿ ಹುಡುಗ ಬಂದು, "ಮೇಡಂ, ಆ ಕೇಸಿನ ಮೆಸೇಜ್ ಕ್ಯೂನಲ್ಲಿದೆ, ಸಂಜೆ ಆರಕ್ಕೆ ಹೋಗುತ್ತದೆ, ನಂಬರ್ ತಂದೆಯದು" ಎಂದ. ಶಾಲೆಯ ದಾಖಲಾತಿಯಿಂದ ನೇರವಾಗಿ ಇಳಿದು ಬಂದಿದ್ದ ಸಂಖ್ಯೆ ಅದು. ಮುಂದಿನ ಭೇಟಿಯನ್ನು ನೆನಪಿಸಲು ತಂತ್ರಾಂಶ ತಾನಾಗಿಯೇ ಕಳುಹಿಸುವ ಆ ಮೆಸೇಜಿನಲ್ಲಿ ಮಗುವಿನ ಹೆಸರು, ಕ್ಲಿನಿಕ್ಕಿನ ಹೆಸರು, ದಿನಾಂಕ ಎಲ್ಲವೂ ಇರುತ್ತವೆ.

ಆಗ ಐದು ಗಂಟೆ ದಾಟಿತ್ತು. ಭೇಟಿಯನ್ನೇ ರದ್ದು ಮಾಡೋಣವೆಂದರೆ, ರದ್ದಾಯಿತೆಂಬ ಮೆಸೇಜ್ ಅದೇ ನಂಬರಿಗೆ, ಅದೂ ತಕ್ಷಣವೇ ಹೋಗುತ್ತದೆ. ನಂಬರ್ ಬದಲಿಸೋಣವೆಂದರೆ ಒಟಿಪಿ ಹೋಗುವುದು ಹಳೆಯ ನಂಬರಿಗೆ. ಸಹಾಯವಾಣಿಗೆ ಕರೆ ಮಾಡಿದರೆ ಟಿಕೆಟ್ ಹಾಕಿ, ನಾಳೆ ನೋಡುತ್ತೇವೆ ಎಂದರು. ತಾಯಿಗೆ ತಿಳಿಸಿ ಎಚ್ಚರಿಸೋಣವೆಂದರೆ ಆಕೆಯ ಬಳಿ ಸ್ವಂತ ಫೋನ್ ಇರಲಿಲ್ಲ. ನಮ್ಮ ಸಂಯೋಜಕರು ಒಬ್ಬರಾದ ಮೇಲೊಬ್ಬರಿಗೆ ಕರೆ ಮಾಡುತ್ತಿದ್ದರು. ನಾನು ಶಿಕ್ಷಕಿಗೆ ಫೋನ್ ಮಾಡಿ, ಆ ಹುಡುಗಿಯ ಮನೆಯ ಹತ್ತಿರ ನಂಬಿಕಸ್ಥರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸುತ್ತಿದ್ದೆ. ಕೊನೆಗೆ ಆ ಸಂಸ್ಥೆಯ ಎಂಜಿನಿಯರ್ ಒಬ್ಬರು ಸರ್ವರ್‌ನಲ್ಲಿಯೇ ಆ ದಿನದ ಮೆಸೇಜುಗಳನ್ನೆಲ್ಲ ತಡೆಹಿಡಿದರು. ಆರಕ್ಕೆ ಕೆಲವೇ ನಿಮಿಷಗಳು ಉಳಿದಿದ್ದವು.

ಮುಂದಿನ ಪರಿಶೀಲನಾ ಸಭೆಯಲ್ಲಿ ಮೇಲಧಿಕಾರಿಗಳು ಕೇಳಿದ್ದು, ಮೊಬೈಲ್ ಸಂಖ್ಯೆ ಕಡ್ಡಾಯವಲ್ಲದಿದ್ದರೆ ಮಾಸಿಕ ವರದಿ ಪೂರ್ಣವಾಗುವುದು ಹೇಗೆ ಎಂದು. ವರದಿಯ ಅಗತ್ಯವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಮು ಗೋಪ್ಯತೆಯನ್ನು ಹಕ್ಕೆಂದು ಕರೆಯುತ್ತದೆ. ಅದೇ ಕಾಯ್ದೆಯ 15ನೇ ಕಲಮು ಅಪ್ರಾಪ್ತರಿಗೆ ಕಾನೂನುಬದ್ಧ ಪೋಷಕರನ್ನೇ ನಾಮನಿರ್ದೇಶಿತ ಪ್ರತಿನಿಧಿಯಾಗಿಸಿದರೂ (ಅಂದರೆ ಚಿಕಿತ್ಸೆಯ ವಿಷಯದಲ್ಲಿ ಮಗುವಿನ ಪರವಾಗಿ ನಿಲ್ಲುವವರು), ಅವರು ಮಗುವಿನ ಹಿತದಲ್ಲಿ ನಡೆಯದಿದ್ದರೆ ಆ ಕಾಯ್ದೆಯಡಿಯ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯು ಬೇರೆಯವರನ್ನು ನೇಮಿಸಬಹುದೆಂದು ದಾರಿ ತೆರೆದಿಟ್ಟಿದೆ. ಕಾಯ್ದೆ ಬರೆದವರಿಗೆ ಹೊಳೆದ ಈ ಸಾಧ್ಯತೆಗೆ ನಮ್ಮ ಪರದೆಯಲ್ಲಿ ಒಂದು ಚೌಕವೂ ಇಲ್ಲ. ಪೋಷಕರು ಯಾರು ಎಂಬುದು ಕಾನೂನಿನ ಪ್ರಶ್ನೆ. ಯಾರಿಗೆ ಕರೆ ಮಾಡಿದರೆ ಮಗುವಿಗೆ ಅಪಾಯವಿಲ್ಲ ಎಂಬುದು ಚಿಕಿತ್ಸೆಯ ಪ್ರಶ್ನೆ. ಇವೆರಡಕ್ಕೂ ಒಂದೇ ಅಂಕಣವಿರುವುದು ನನ್ನ ಮಟ್ಟಿಗೆ ವಿನ್ಯಾಸದ ದೊಡ್ಡ ದೋಷ, ಮತ್ತು ಅದನ್ನು ಡೇಟಾ ಎಂಟ್ರಿಯವರ ತಲೆಗೆ ಕಟ್ಟುವುದು ಅನ್ಯಾಯ.

ಸುರಕ್ಷಿತ ಸಂಪರ್ಕಕ್ಕೆ ಪ್ರತ್ಯೇಕ ಅಂಕಣ, ಸಮಾಲೋಚಕರು ಒಪ್ಪಿದ ಮೇಲಷ್ಟೇ ಹೋಗುವ ಮೆಸೇಜ್, ಅದರಲ್ಲಿ ಮಗುವಿನ ಮತ್ತು ಕ್ಲಿನಿಕ್ಕಿನ ಹೆಸರಿಲ್ಲದಿರುವುದು, ಇಷ್ಟನ್ನು ಬರವಣಿಗೆಯಲ್ಲಿ ಕೇಳಿದ್ದೇವೆ. ಮುಂದಿನ ಆವೃತ್ತಿಯಲ್ಲಿ ಸೇರಿಸುತ್ತೇವೆ ಎಂಬ ಉತ್ತರ ಬಂದಿದೆ. ಅಲ್ಲಿಯವರೆಗೆ, ಮನೆಯಲ್ಲಿ ಭಯವಿರುವ ಮಕ್ಕಳ ಮುಂದಿನ ಭೇಟಿಯನ್ನು ನಾವು ಸಿಸ್ಟಂನಲ್ಲಿ ನಮೂದಿಸುವುದಿಲ್ಲ. ಬೀಗ ಹಾಕಿದ ಕಪಾಟಿನಲ್ಲಿರುವ ರಿಜಿಸ್ಟರಿನಲ್ಲಿ ಬರೆದು, ದಿನಾಂಕವನ್ನು ಶಿಕ್ಷಕರ ಮೂಲಕ ತಿಳಿಸುತ್ತೇವೆ. ಇದರಿಂದ ನಮ್ಮ ಫಾಲೋಅಪ್ ಶೇಕಡಾವಾರು ಇಳಿದಿದ್ದು, ಅದಕ್ಕೆ ವಿವರಣೆ ಕೇಳಿ ಪತ್ರವೂ ಬಂದಿದೆ.