ಎಕ್ಸೆಲ್ ಮೊಪೆಡ್‌ನಲ್ಲಿ ಘಾಟಿ ಇಳಿದು ಕರಾವಳಿಗೆ: ಹೊರಡುವ ಮೊದಲು ಮಾಡಿಕೊಳ್ಳಬೇಕಾದ ತಯಾರಿ

ಹೊರಡುವ ಹಿಂದಿನ ಸಂಜೆ ಎರಡೂ ಚಕ್ರಗಳಿಗೆ ಹೊಸ ಬ್ರೇಕ್ ಶೂ ಹಾಕಿಸಿದ್ದು ಈ ಪ್ರವಾಸದಲ್ಲಿ ನಾನು ಮಾಡಿದ ಮೊದಲ ತಪ್ಪು. ಹೊಸ ಶೂ ಡ್ರಮ್ಮಿಗೆ ಸರಿಯಾಗಿ ಕೂರಬೇಕಾದರೆ ಗಾಡಿ ಒಂದಷ್ಟು ದೂರ ಓಡಿರಬೇಕು. ಅಲ್ಲಿಯವರೆಗೆ ಬ್ರೇಕ್ ಅರೆಬರೆ ಹಿಡಿಯುತ್ತದೆ, ಮೇಲಾಗಿ ಪದೇ ಪದೇ ಸಡಿಲವಾಗುತ್ತದೆ. ತಿಪಟೂರು ಬಿಟ್ಟು ಅರಸೀಕೆರೆ ತಲುಪುವಷ್ಟರಲ್ಲಿ ಎರಡು ಬಾರಿ ರಸ್ತೆ ಬದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಹಿಂದಿನ ಚಕ್ರದ ನಟ್ಟು ಬಿಗಿ ಮಾಡಿಕೊಂಡೆ. ಆದ್ದರಿಂದ ಬ್ರೇಕ್, ಚೈನ್, ಟೈರ್ ಇವುಗಳಲ್ಲಿ ಏನನ್ನು ಬದಲಾಯಿಸುವುದಿದ್ದರೂ ಹೊರಡುವುದಕ್ಕೆ ಹತ್ತು ದಿನ ಮೊದಲೇ ಬದಲಾಯಿಸಿ, ಊರ ಸುತ್ತಮುತ್ತ ನೂರು ಕಿಲೋಮೀಟರಾದರೂ ಓಡಿಸಿ, ಮತ್ತೊಮ್ಮೆ ಮೆಕ್ಯಾನಿಕ್ಕಿಗೆ ತೋರಿಸಿಕೊಂಡು ಹೊರಡಿ.

ನಾನು ಮತ್ತು ನನ್ನ ಷಡ್ಡಕರು ಕಳೆದ ಡಿಸೆಂಬರ್‌ನಲ್ಲಿ ಎರಡು ಟಿವಿಎಸ್ ಎಕ್ಸೆಲ್ 100 ಗಾಡಿಗಳಲ್ಲಿ ತಿಪಟೂರಿನಿಂದ ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆಯ ಮೇಲೆ ಉಡುಪಿಗೆ ಇಳಿದು, ಅಲ್ಲಿಂದ ಹೊನ್ನಾವರದವರೆಗೆ ಕಡಲಿನ ಪಕ್ಕದಲ್ಲೇ ಸಾಗಿ, ಗೇರುಸೊಪ್ಪೆ ಘಾಟಿ ಹತ್ತಿ ಜೋಗ, ಸಾಗರದ ಮೂಲಕ ಹಿಂದಿರುಗಿದೆವು. ನಮ್ಮ ಕಡೆ ಎಕ್ಸೆಲ್ ಎಂದರೆ ತೆಂಗಿನಕಾಯಿ, ಹುಲ್ಲಿನ ಹೊರೆ, ಹಾಲಿನ ಕ್ಯಾನು ಹೊರುವ ಗಾಡಿಯೇ ಹೊರತು ಪ್ರವಾಸದ ಗಾಡಿಯಲ್ಲ. ಆದ್ದರಿಂದ ಕೇಳಿದವರೆಲ್ಲ ನಕ್ಕರು. ನಮ್ಮ ಮೆಕ್ಯಾನಿಕ್ ಮಾತ್ರ, "ಎಕ್ಸೆಲ್ಲಿಗೆ ಏನೂ ಆಗಲ್ಲ ಸ್ವಾಮಿ, ಆಗೋದೆಲ್ಲ ಮೇಲೆ ಕೂತೋರ ಸೊಂಟಕ್ಕೆ" ಎಂದ. ಅವನ ಮಾತು ನಿಜವಾಯಿತು. ನಲವತ್ತು ಕಿಲೋಮೀಟರಿಗೊಮ್ಮೆ ಇಳಿದು ಹದಿನೈದು ನಿಮಿಷ ಅಡ್ಡಾಡದಿದ್ದರೆ ಸೊಂಟದ ಜೊತೆಗೆ ಅಂಗೈಯೂ ಜೋಮು ಹಿಡಿಯುತ್ತದೆ. ವೇಗ ನಲವತ್ತು, ನಲವತ್ತೈದರ ಆಸುಪಾಸಿನಲ್ಲಿ ಇರುವುದರಿಂದ, ಈ ವಿರಾಮಗಳನ್ನೂ ಸೇರಿಸಿಕೊಂಡರೆ ದಿನಕ್ಕೆ 150 ಕಿಲೋಮೀಟರಿಗಿಂತ ಹೆಚ್ಚು ದೂರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು.

ತಯಾರಿಯಲ್ಲಿ ನಾನು ಎಲ್ಲಕ್ಕಿಂತ ಮುಖ್ಯವೆಂದು ಹೇಳುವುದು ಯಾವ ಘಾಟಿಯನ್ನು ಇಳಿಯಬೇಕು, ಯಾವುದನ್ನು ಹತ್ತಬೇಕು ಎಂಬ ತೀರ್ಮಾನ. ಎಕ್ಸೆಲ್ಲಿಗೆ ಗೇರಿಲ್ಲ. ತುಂಬಿದ ಹೊರೆಯೊಂದಿಗೆ ಕಡಿದಾದ ಏರು ಹತ್ತಿಸಿದರೆ ವೇಗ ತಗ್ಗಿ, ಕ್ಲಚ್ ಜಾರುತ್ತಾ ಕಾಯುತ್ತದೆ. ಆಗುಂಬೆಯ ಹದಿನಾಲ್ಕು ಹೇರ್‌ಪಿನ್ ತಿರುವುಗಳು ಚಿಕ್ಕ ದೂರದಲ್ಲಿ ಒಮ್ಮೆಲೇ ಏರುತ್ತವೆ. ಗೇರುಸೊಪ್ಪೆಯ ಘಾಟಿ ಉದ್ದವಾಗಿದ್ದರೂ ಏರು ನಿಧಾನ. ಹಾಗಾಗಿ ಆಗುಂಬೆಯನ್ನು ಇಳಿಯುವುದಕ್ಕೂ ಗೇರುಸೊಪ್ಪೆಯನ್ನು ಹತ್ತುವುದಕ್ಕೂ ಇಟ್ಟುಕೊಂಡೆವು. ಈ ಸುತ್ತನ್ನು ತಿರುವುಮುರುವು ಮಾಡಬೇಡಿರೆಂದು ನಾನು ಖಂಡಿತವಾಗಿ ಹೇಳುತ್ತೇನೆ. ಮಳೆಗಾಲದಲ್ಲಂತೂ ಈ ಗಾಡಿಯಲ್ಲಿ ಆ ಕಡೆ ಹೋಗುವ ಮಾತೇ ಬೇಡ. ಮೈಸೂರು, ಮಂಡ್ಯದ ಕಡೆಯಿಂದ ಬೆಂಗಳೂರಿನ ಮೇಲೆ ಬರುವವರಿಗೆ ಇನ್ನೊಂದು ಮಾತು: 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯಲ್ಲೇ ಬರಬೇಕು. ಅದಕ್ಕೆ ತಕ್ಕಂತೆ ಸಮಯ ಇಟ್ಟುಕೊಳ್ಳಿ.

ಸಾಮಾನು ಕಟ್ಟುವುದನ್ನು ನಮ್ಮೂರಿನ ಹಾಲಿನವರಿಂದ ಕಲಿಯಬೇಕು. ಅವರು ಭಾರವನ್ನೆಲ್ಲ ಹ್ಯಾಂಡಲ್ ಮತ್ತು ಸೀಟಿನ ನಡುವೆ, ಕಾಲಿಡುವ ಜಾಗದಲ್ಲಿ ತಗ್ಗಿಗೆ ಇಡುತ್ತಾರೆ. ನನ್ನ ಷಡ್ಡಕರು ಮೊದಲ ದಿನ ಹಿಂದಿನ ಸೀಟಿನ ಮೇಲೆ ಎರಡು ಬ್ಯಾಗು ಎತ್ತರಕ್ಕೆ ಪೇರಿಸಿದ್ದರು. ಕಡೂರು ದಾಟಿದ ಮೇಲೆ ಎದುರಿನಿಂದ ಬಂದ ಬಸ್ಸಿನ ಗಾಳಿಗೇ ಗಾಡಿಯ ಮುಂಭಾಗ ಹಗುರಾಗಿ ತೂರಾಡಿತು. ತರೀಕೆರೆಯಲ್ಲಿ ಎಲ್ಲವನ್ನೂ ಬಿಚ್ಚಿ, ಉಪಕರಣ, ನೀರು, ಪೆಟ್ರೋಲಿನ ಬಾಟಲಿ ಇರುವ ಚೀಲವನ್ನು ಮುಂದಕ್ಕೂ ಬಟ್ಟೆಯ ಚೀಲವನ್ನು ಮಾತ್ರ ಹಿಂದಕ್ಕೂ ಕಟ್ಟಿದ ಮೇಲೆ ಗಾಡಿ ಮಾತು ಕೇಳತೊಡಗಿತು. ಕಟ್ಟಲು ಅಂಗಡಿಯ ಬಣ್ಣದ ಹಗ್ಗಕ್ಕಿಂತ ಹಳೆಯ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿದ ಪಟ್ಟಿಯೇ ಮೇಲು. ಅದು ಜಾರುವುದೂ ಇಲ್ಲ, ದಾರಿಯಲ್ಲಿ ಸಡಿಲವಾಗುವುದೂ ಇಲ್ಲ. ತಲೆಗೆ ಮೂರು ಜೊತೆ ಬಟ್ಟೆ ಸಾಕಾಗುತ್ತಿತ್ತು. ನಾವು ಒಯ್ದದ್ದು ಆರು ಜೊತೆ, ಹಿಂದಕ್ಕೆ ತಂದ ಮೂರು ಜೊತೆಯ ಮಡಿಕೆಯೂ ಕೆಟ್ಟಿರಲಿಲ್ಲ.

ಬಿಡಿಭಾಗಗಳಲ್ಲಿ ಒಂದು ಸ್ಪಾರ್ಕ್ ಪ್ಲಗ್, ಪ್ಲಗ್ ಬಿಚ್ಚುವ ಸ್ಪ್ಯಾನರ್, ಆಕ್ಸಿಲರೇಟರ್ ಕೇಬಲ್, ಬ್ರೇಕ್ ಕೇಬಲ್, ಚೈನ್ ಲಾಕ್ ಮತ್ತು ಒಂದು ಟ್ಯೂಬ್ ಇದ್ದರೆ ಆಯಿತು. ಇದಕ್ಕಿಂತ ದೊಡ್ಡದೇನಾದರೂ ಕೆಟ್ಟರೆ ರಸ್ತೆ ಬದಿಯಲ್ಲಿ ನಾವು ಮಾಡುವುದೇನೂ ಇಲ್ಲ, ಮತ್ತು ಎಕ್ಸೆಲ್ ರಿಪೇರಿ ಗೊತ್ತಿಲ್ಲದ ಮೆಕ್ಯಾನಿಕ್ ನಮ್ಮ ರಾಜ್ಯದ ಸಣ್ಣ ಊರುಗಳಲ್ಲಿ ಸಿಗುವುದು ಕಷ್ಟ. ಟ್ಯಾಂಕು ಹಿಡಿಯುವುದು ನಾಲ್ಕು ಲೀಟರ್ ಮಾತ್ರ. ಹೊರೆ ತುಂಬಿದಾಗ ನಮಗೆ ಲೀಟರಿಗೆ ಸಿಕ್ಕಿದ್ದು 55 ಕಿಲೋಮೀಟರ್. ಲೆಕ್ಕದ ಮೇಲೆ ಇನ್ನೂರು ಕಿಲೋಮೀಟರ್ ಆಗುತ್ತದಾದರೂ ನೂರಕ್ಕೊಮ್ಮೆ ತುಂಬಿಸುವ ಅಭ್ಯಾಸ ಇಟ್ಟುಕೊಳ್ಳಿ.

ಆಗುಂಬೆಯನ್ನು ಇಳಿಯುವಾಗ ಕಾರು, ಬೈಕಿನವರು ಗೇರು ತಗ್ಗಿಸಿ ಎಂಜಿನ್ನಿನ ಹಿಡಿತದಲ್ಲಿ ಇಳಿಯುತ್ತಾರೆ. ನಮಗೆ ಆ ಅನುಕೂಲವಿಲ್ಲ. ವೇಗ ತೀರ ಕಡಿಮೆಯಾದ ಕೂಡಲೇ ಕ್ಲಚ್ ತಾನಾಗಿ ಬಿಟ್ಟುಕೊಂಡು ಗಾಡಿ ಸೈಕಲ್ಲಿನಂತೆ ಉರುಳತೊಡಗುತ್ತದೆ, ಎಲ್ಲ ಭಾರವೂ ಎರಡು ಪುಟ್ಟ ಡ್ರಮ್ ಬ್ರೇಕುಗಳ ಮೇಲೆ ಬೀಳುತ್ತದೆ. ಏಳನೆಯ ತಿರುವಿನ ಹೊತ್ತಿಗೆ ಏನೋ ಸುಟ್ಟ ವಾಸನೆ ಬಂತು, ಲಿವರ್ ಹ್ಯಾಂಡಲ್ಲಿಗೆ ತಾಗುವಷ್ಟು ಒತ್ತಿದರೂ ಗಾಡಿ ನಿಧಾನವಾಗಲಿಲ್ಲ. ಅಗಲವಾದ ಜಾಗ ನೋಡಿ ನಿಲ್ಲಿಸಿದೆವು. ಷಡ್ಡಕರು ಬಾಟಲಿಯ ನೀರನ್ನು ಡ್ರಮ್ಮಿನ ಮೇಲೆ ಸುರಿಯಲು ಹೋದಾಗ ಕೈ ಹಿಡಿದು ತಡೆದೆ. ಕಾದ ಲೋಹ ಬಿರುಕು ಬಿಡಬಹುದು, ನೀರು ಒಳಗಿಳಿದರೆ ಇದ್ದ ಹಿಡಿತವೂ ಹೋಗುತ್ತದೆ. ಇಪ್ಪತ್ತು ನಿಮಿಷ ಸುಮ್ಮನೆ ಬಿಡುವುದೊಂದೇ ದಾರಿ. ಆ ಇಪ್ಪತ್ತು ನಿಮಿಷದಲ್ಲಿ ಒಂದು ಕೋತಿ ಹಿಂದಿನ ಚೀಲದ ಜೇಬಿನಿಂದ ಚಕ್ಕುಲಿಯ ಪೊಟ್ಟಣವನ್ನು ಎಳೆದುಕೊಂಡು ಹೋಯಿತು. ಮೂರು ಮೂರು ತಿರುವಿಗೆ ಒಮ್ಮೆ ನಿಲ್ಲುವಂತೆ ಮೊದಲೇ ಯೋಜಿಸಿಕೊಂಡಿದ್ದರೆ ಇಷ್ಟು ಹೆದರುವ ಅಗತ್ಯವಿರಲಿಲ್ಲ.

ಘಾಟಿ ಮುಗಿಸಿ, ಸೋಮೇಶ್ವರ ದಾಟಿ ಹೆಬ್ರಿಯ ಕಡೆ ಹೋಗುವಾಗ ಎಡಗಡೆಗೆ ಬೋರ್ಡಿಲ್ಲದ, ಹೆಂಚಿನ ಮಾಡಿನ ಒಂದು ಹೋಟೆಲು ಸಿಕ್ಕಿತು. ಒಳಗೆ ಮೂರೇ ಬೆಂಚು. ಕಾವಲಿಯ ಮುಂದೆ ನಿಂತಿದ್ದ ಹೆಂಗಸು ನಮ್ಮ ಗಾಡಿಗಳನ್ನು ನೋಡಿ, "ಇದ್ರಲ್ಲಿ ಘಾಟಿ ಇಳ್ದದ್ದಾ ಮಾರಾಯ್ರೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ನೀರ್ ದೋಸೆಯ ಹಿಟ್ಟನ್ನು ಕಾವಲಿಗೆ ಎರಚಿದರು. ಕರವಸ್ತ್ರದಂತೆ ನಾಲ್ಕು ಮಡಿಕೆಯ ದೋಸೆ, ಅಂಚಿನಲ್ಲಿ ಹೂವಿನಂಥ ತೂತುಗಳು, ಜೊತೆಗೆ ಬೆಲ್ಲ ಕಲಸಿದ ತೆಂಗಿನ ತುರಿ ಮತ್ತು ಹಸಿಮೆಣಸಿನ ಚಟ್ನಿ. ತಿಪಟೂರಿನವನನ್ನು ತೆಂಗಿನಕಾಯಿಯ ವಿಷಯದಲ್ಲಿ ಮೆಚ್ಚಿಸುವುದು ಸುಲಭವಲ್ಲ. ಆದರೂ ನಾನು ಆ ಬೆಲ್ಲದ ತುರಿಯನ್ನು ಮೂರು ಬಾರಿ ಹಾಕಿಸಿಕೊಂಡೆ. ಮೂರನೆಯ ಬಾರಿ ಅವರು ಬಟ್ಟಲನ್ನೇ ತಂದು ಮುಂದಿಟ್ಟರು. ಬಳಿಕ ಒಂದೊಂದು ಬನ್ಸ್, ಮಾಗಿದ ಬಾಳೆಹಣ್ಣಿನ ಘಮ ಇನ್ನೂ ಹೋಗಿರದಷ್ಟು ಬಿಸಿ. ಇಬ್ಬರಿಗೂ ಕಾಫಿ ಸೇರಿ 130 ರೂಪಾಯಿ ಆಯಿತು. ಈ ಪ್ರವಾಸದ ಬೇರೆ ಯಾವ ಊಟವನ್ನೂ ಬರೆಯಬೇಕೆಂದು ನನಗೆ ಅನಿಸುತ್ತಿಲ್ಲ.

ಅದೇ ಪ್ರವಾಸದಲ್ಲಿ ಕಡಲ ತೀರದ ಒಂದು ಪೇಟೆಯ ವಸತಿಗೃಹದಲ್ಲಿ ಕಳೆದ ರಾತ್ರಿಯನ್ನು ಮಾತ್ರ ಎಚ್ಚರಿಕೆಗಾಗಿ ಬರೆಯಲೇಬೇಕು. ಫೋನಿನಲ್ಲಿ 1,200 ರೂಪಾಯಿ ಎಂದಿದ್ದ ಕೋಣೆಗೆ, ಶನಿವಾರವೆಂಬ ಕಾರಣ ಹೇಳಿ, ಕತ್ತಲಾದ ಮೇಲೆ ಬಂದ ನಮ್ಮಿಂದ 2,200 ತೆಗೆದುಕೊಂಡರು. ಹಾಸಿಗೆಯ ಹೊದಿಕೆ ಒದ್ದೆಯಂತಿತ್ತು, ಬಿಸಿನೀರಿಗೆ ಬಕೆಟ್ಟಿನ ಲೆಕ್ಕ. ಇಷ್ಟನ್ನು ಸಹಿಸಬಹುದಿತ್ತು. ಆದರೆ ಒಳಗಿನ ಅಂಗಳ ಕಾರಿನವರಿಗೆ ಮಾತ್ರ ಎಂದು ಕಾವಲುಗಾರ ನಮ್ಮ ಗಾಡಿಗಳನ್ನು ಗೇಟಿನ ಹೊರಗೆ, ರಸ್ತೆಯ ಅಂಚಿನಲ್ಲಿ ನಿಲ್ಲಿಸಿಸಿದ. ಬೆಳಿಗ್ಗೆ ಎದ್ದು ನೋಡಿದರೆ ಎರಡೂ ಗಾಡಿಗಳ ಕಾರ್ಬುರೇಟರಿನಿಂದ ಪೆಟ್ರೋಲ್ ಪೈಪು ಕಳಚಿ ನೇತಾಡುತ್ತಿತ್ತು, ಟ್ಯಾಂಕು ಒಣಗಿತ್ತು. ಮುನ್ನಾದಿನ ಸಂಜೆಯಷ್ಟೇ ತುಂಬಿಸಿದ್ದೆವು. ಚೀಲದಲ್ಲಿದ್ದ ಬಾಟಲಿಯ ಪೆಟ್ರೋಲೂ ಹಿಂದಿನ ದಿನ ಖರ್ಚಾಗಿತ್ತು. ಮ್ಯಾನೇಜರ್ ಗೋಡೆಯ ಮೇಲಿದ್ದ "ವಾಹನಗಳಿಗೆ ನಾವು ಜವಾಬ್ದಾರರಲ್ಲ" ಎಂಬ ಫಲಕದ ಕಡೆ ಬೆರಳು ತೋರಿಸಿ ಪೇಪರ್ ಓದತೊಡಗಿದರು. ಹಳೆಯ ಟಿವಿಎಸ್ 50ಕ್ಕಾದರೆ ಪೆಡಲ್ ಇರುತ್ತಿತ್ತು, ತುಳಿದುಕೊಂಡಾದರೂ ಹೋಗಬಹುದಿತ್ತು. ಎಕ್ಸೆಲ್ 100ಕ್ಕೆ ಅದೂ ಇಲ್ಲ. ಪೆಟ್ರೋಲ್ ಬಂಕಿನವರೆಗೆ ಎರಡು ಕಿಲೋಮೀಟರ್ ತಳ್ಳಿದೆವು. ಕೋಣೆ ಕೇಳುವಾಗ ಮಂಚ, ಗೀಸರ್ ಆಮೇಲೆ ಕೇಳಿ. ಗಾಡಿಯನ್ನು ಗೇಟಿನ ಒಳಗೆ ನಿಲ್ಲಿಸಲು ಬಿಡುತ್ತಾರೆಯೇ ಎಂಬುದನ್ನು ಮೊದಲು ಕೇಳಿ. ಮರುದಿನ ಉಳಿದುಕೊಂಡ, ಅರ್ಧ ಬೆಲೆಯ ಕೋಣೆಯ ಮಾಲೀಕರು ಗಾಡಿಗಳನ್ನು ತಮ್ಮ ಮನೆಯ ಜಗಲಿಗೇ ಹತ್ತಿಸಿಕೊಂಡರು.

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮೊಪೆಡ್ ಓಡಿಸುವುದು ನನಗೆ ಹಿತವೆನಿಸಲಿಲ್ಲ. ಮೀನಿನ ಲಾರಿಗಳು ದಾಟುವಾಗ ಗಾಳಿ ಒಮ್ಮೆ ತಳ್ಳಿ ಮರುಕ್ಷಣ ಒಳಕ್ಕೆ ಸೆಳೆಯುತ್ತದೆ. ಎಡ ಅಂಚನ್ನು ಬಿಡದೆ, ಹ್ಯಾಂಡಲನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿರಬೇಕು. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ನದಿ ಇರುವ ಜಾಗವನ್ನು ಬೆಳಿಗ್ಗೆ ಆರೂವರೆಗೆ ದಾಟಿದರೆ ಮಾತ್ರ ನೋಡುವ ನೆಮ್ಮದಿ ಇರುತ್ತದೆ. ಮುರುಡೇಶ್ವರಕ್ಕೆ ಹೋದೆವು, ಆದರೆ ಡಿಸೆಂಬರ್ ಎಂದರೆ ಶಾಲಾ ಪ್ರವಾಸದ ತಿಂಗಳೆಂಬುದನ್ನು ಮರೆತಿದ್ದೆವು. ಬಸ್ಸುಗಳ ಸಾಲನ್ನು ಕಂಡು ಗೋಪುರದ ಮುಂದಿನಿಂದಲೇ ಗಾಡಿ ತಿರುಗಿಸಿದೆ. ಷಡ್ಡಕರಿಗೆ ಆ ಬೇಸರ ಇನ್ನೂ ಇದೆ. ಜನಜಂಗುಳಿಯಲ್ಲಿ ನಿಲ್ಲಲಾಗದ ನನ್ನ ಸ್ವಭಾವವನ್ನು ನೀವು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ.

ಗೇರುಸೊಪ್ಪೆಯ ಏರನ್ನು ಬೆಳಿಗ್ಗೆ ತಂಪಿನಲ್ಲೇ ಹತ್ತಿದೆವು. ದಾರಿಯಲ್ಲಿ ಎರಡು ಬಾರಿ ಎಂಜಿನ್ ಆರಲು ಬಿಟ್ಟದ್ದನ್ನು ಬಿಟ್ಟರೆ ತೊಂದರೆಯೇನೂ ಆಗಲಿಲ್ಲ. ಒಟ್ಟು 740 ಕಿಲೋಮೀಟರಿಗೆ ನನ್ನ ಗಾಡಿ ಕುಡಿದದ್ದು ಹದಿಮೂರೂವರೆ ಲೀಟರ್, ಕಳವಾದ ಮೂರೂವರೆ ಲೀಟರ್ ಬೇರೆ. ಊರಿಗೆ ಬಂದು ಮೆಕ್ಯಾನಿಕ್ಕಿನ ಬಳಿ ಡ್ರಮ್ ಬಿಚ್ಚಿಸಿದಾಗ ಶೂಗಳು ಸರಿಯಾಗಿ ಕೂತು ಹೊಳೆಯುತ್ತಿದ್ದವು. "ಈಗ ಹೊರಡಿ ಸ್ವಾಮಿ, ಗಾಡಿ ರೆಡಿಯಾಗಿದೆ" ಎಂದ.