ಹಳೇ ಕ್ಯಾಂಪರ್ ವ್ಯಾನ್ ರಿಪೇರಿ ಎಲ್ಲಿಂದ ಶುರು ಮಾಡ್ಲಿ? ತಗೊಳ್ಳಿ ಉತ್ತರ

"ಹಳೇ ಕ್ಯಾಂಪರ್ ವ್ಯಾನ್ ತಗೊಂಡಿದೀನಿ, ರಿಪೇರಿ ಕೆಲಸ ಏನೂ ಬರಲ್ಲ. ಎಲ್ಲಿಂದ ಶುರು ಮಾಡ್ಲಿ?"

ಒಳಗೇ ಮಲಗಿ, ಅಡುಗೆ ಮಾಡಿಕೊಂಡು ಊರೂರು ಸುತ್ತುವ ಈ ವ್ಯಾನ್ ಕೊಂಡವರೆಲ್ಲ ಕೇಳುವುದು ಇದನ್ನೇ. ಉತ್ತರ ಫೋನಿನಲ್ಲಿ ಹೇಳಿದ್ದೇನೆ, ಊಟದ ನಡುವೆ ಹೇಳಿದ್ದೇನೆ, ಟೈರ್ ಬದಲಿಸುತ್ತಾ ನೆಲದ ಮೇಲೆ ಕೂತೂ ಹೇಳಿದ್ದೇನೆ. ಬಾಯಿ ಸೋತಿದೆ. ಇನ್ನು ಮುಂದೆ ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ಉತ್ತರ: ನೀರು. ಮಳೆನೀರು ಎಲ್ಲಿಂದ ಒಳಗೆ ಬರುತ್ತಿದೆ ಅಂತ ಹುಡುಕಿ. "ನಮ್ಮದರಲ್ಲಿ ಬರಲ್ಲ" ಅಂತ ದಯವಿಟ್ಟು ವಾದಕ್ಕೆ ನಿಲ್ಲಬೇಡಿ. ಹುಡುಕಿ ನೋಡಿದ ಮೇಲೆ ಹೇಳಿ.

ಈ ಪ್ರಶ್ನೆ ಒಂಟಿಯಾಗಿ ಬಂದಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಜೊತೆಗೆ ಫೋಟೊಗಳು ಬರುತ್ತವೆ: ಕರ್ಟನ್ ಬಟ್ಟೆ, ಎಲ್‌ಇಡಿ ದೀಪದ ಮಾಲೆ, ಗೋಡೆಗೆ ಹೊಡೆಯಬೇಕೆಂದಿರುವ ಬಣ್ಣ. ಕೇಳುವುದು ರಿಪೇರಿ, ಮನಸ್ಸಿರುವುದು ಸಿಂಗಾರದ ಮೇಲೆ.

ಪರಿಚಯದವರೊಬ್ಬರು ಹೀಗೇ ಎಲ್ಲ ಮುಗಿಸಿ ನನ್ನನ್ನು ಕರೆದರು. ಬಿಳಿ ಗೋಡೆ, ಮರದ ಕಪಾಟು, ಮೆತ್ತನೆ ಹಾಸಿಗೆ. "ಒಂಚೂರು ಮುಗ್ಗಲು ವಾಸನೆ ಬರುತ್ತೆ ಅಷ್ಟೆ, ಒಳ್ಳೇ ಸ್ಪ್ರೇ ಯಾವುದಿದೆ?" ಅಂದರು. ಕಿಟಕಿಯ ಕೆಳಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿದೆ. ಬೆರಳು ಗೋಡೆಯೊಳಗೇ ಹೋಯಿತು. ಹೊಸ ಬಣ್ಣದ ಹಿಂದಿದ್ದ ಪ್ಲೈವುಡ್ ನೆನೆದ ರಟ್ಟಿನ ಹಾಗಾಗಿತ್ತು. ಮೇಲೆ ಥಳುಕು, ಒಳಗೆ ಹುಳುಕು. ತೂತು ಮಾಡಿದ್ದೇ ನಾನು ಎನ್ನುವಂತೆ ಅವರು ನನ್ನನ್ನು ನೋಡಿದರು. ಇವತ್ತಿಗೂ ಸರಿಯಾಗಿ ಮಾತಾಡುವುದಿಲ್ಲ. ವಾಸನೆಗೆ ಕಾರಣ ಬೇಕಿತ್ತೋ, ಬರೀ ಸ್ಪ್ರೇ ಹೆಸರು ಸಾಕಿತ್ತೋ, ಮೊದಲೇ ಹೇಳಬಹುದಿತ್ತು.

ಹುಡುಕುವುದು ಹೇಗೆ? ನೀರು ತೊಟ್ಟಿಕ್ಕುವ ಜಾಗವೇ ಸೋರುವ ಜಾಗ ಅಂದುಕೊಳ್ಳಬೇಡಿ. ಚಾವಣಿಯ ಗಾಳಿಕಿಂಡಿಯ ಸುತ್ತ ಒಳನುಗ್ಗಿದ ನೀರು ಒಳಗಿನ ಪಟ್ಟಿ ಹಿಡಿದು ಸಾಗಿ, ಎಲ್ಲೋ ಹಾಸಿಗೆಯ ಮೇಲೆ ಬೀಳಬಹುದು. ಒಬ್ಬರು ಟಾರ್ಚ್ ಹಿಡಿದು ಒಳಗಿರಲಿ, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ಸಣ್ಣಗೆ ನೀರು ಬಿಡಲಿ. ಕೆಳಗಿನಿಂದ ಶುರು ಮಾಡಿ: ಮೊದಲು ಕಿಟಕಿಯ ಕೆಳ ಅಂಚು, ಸ್ವಲ್ಪ ಹೊತ್ತು ಕಾಯಿರಿ, ಆಮೇಲೆ ಪಕ್ಕದ ಅಂಚು, ಮೇಲಂಚು, ಕೊನೆಗೆ ಚಾವಣಿ. ಮೊದಲೇ ಚಾವಣಿಗೆ ನೀರು ಸುರಿದರೆ ಅದು ಎಲ್ಲ ಸಂದಿಗಳ ಮೇಲೂ ಇಳಿಯುತ್ತದೆ, ಕಳ್ಳ ಯಾರೆಂದು ಗೊತ್ತಾಗುವುದಿಲ್ಲ.

ಸಿಕ್ಕಿತೇ? ಈಗ ನೀವು ಕೇಳುವುದು ನನಗೆ ಗೊತ್ತು: "ಮೇಲಿಂದ ಸಿಲಿಕೋನ್ ಅಂಟು ಹಚ್ಚಿದ್ರೆ ಸಾಕಲ್ವಾ?" ಸಾಲದು. ಸಿಲಿಕೋನ್ ಬಿಟ್ಟುಹೋಗುವ ಪದರದ ಮೇಲೆ ಮುಂದೆ ಬೇರೇನೂ ನೆಟ್ಟಗೆ ಅಂಟುವುದಿಲ್ಲ, ಹೊಸ ಸಿಲಿಕೋನ್ ಕೂಡ. ಸ್ಕ್ರೂ ಬಿಚ್ಚಿ, ಚೌಕಟ್ಟು ಹೊರತೆಗೆಯಿರಿ. ಹಳೇ ಅಂಟನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು, ಸ್ಪಿರಿಟ್‌ನಲ್ಲಿ ಒರೆಸಿ, ಬ್ಯೂಟೈಲ್ ಟೇಪ್ (ನೀರು ತಡೆಯುವ ಮೆತ್ತನೆಯ ಅಂಟುಪಟ್ಟಿ) ಸುತ್ತ ಹಾಕಿ ಮತ್ತೆ ಕೂರಿಸಿ. ಸ್ಕ್ರೂಗಳನ್ನು ಒಂದೇ ಸಲ ಬಿಗಿ ಮಾಡಬೇಡಿ, ಎದುರುಬದುರು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಬನ್ನಿ. ಅಂಚಿನುದ್ದಕ್ಕೂ ಟೇಪ್ ಸಮವಾಗಿ ಹೊರಗೆ ಉಬ್ಬಿದರೆ ಸರಿಯಾಗಿ ಕೂತಿದೆ ಎಂದರ್ಥ. ಕಿಟಕಿ ದಪ್ಪ ರಬ್ಬರ್ ಪಟ್ಟಿಯಲ್ಲಿ ಕೂತಿದ್ದರೆ ಕಥೆ ಬೇರೆ. ಆ ರಬ್ಬರ್ ಗಟ್ಟಿಯಾಗಿ ಬಿರಿದಿದ್ದರೆ ಅದನ್ನೇ ಬದಲಿಸಬೇಕು.

ಎರಡನೆಯದು ಕರೆಂಟು. ದೀಪ ಮಂಕಾದರೆ, ನೀರಿನ ಪಂಪ್ ನರಳಿದರೆ ಜನ ಓಡಿಹೋಗಿ ಹೊಸ ಬ್ಯಾಟರಿ ತರುತ್ತಾರೆ. ಮೊದಲು ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಿಡಿಯಿರಿ. ಕೆಲವು ಗಂಟೆ ಸುಮ್ಮನಿದ್ದ, ಪೂರ್ತಿ ಚಾರ್ಜ್ ಆದ ಲೆಡ್-ಆಸಿಡ್ ಬ್ಯಾಟರಿ ಸುಮಾರು 12.7 ವೋಲ್ಟ್ ತೋರಿಸಬೇಕು. 12.2ರ ಹತ್ತಿರ ಇದ್ದರೆ ಅರ್ಧ ಖಾಲಿ. ಬ್ಯಾಟರಿ ಸರಿಯಿದ್ದರೆ ಅರ್ಥ್ ವೈರ್, ಅಂದರೆ ವ್ಯಾನಿನ ಲೋಹದ ಮೈಗೆ ಜೋಡಿಸಿದ ನೆಗೆಟಿವ್ ವೈರ್, ನೋಡಿ. ಜರ್ಮನ್ ವ್ಯಾನುಗಳಲ್ಲಿ ಅದು ಸಾಮಾನ್ಯವಾಗಿ ಕಂದು ಬಣ್ಣದ್ದು. ಬ್ಯಾಟರಿಯ ನೆಗೆಟಿವ್ ಕಳಚಿಟ್ಟು, ಆ ವೈರ್ ವ್ಯಾನಿನ ಮೈಗೆ ಸೇರುವ ಬೋಲ್ಟ್ ಬಿಚ್ಚಿ. ಕೆಳಗೆ ತುಕ್ಕಿದ್ದರೆ ಎಮರಿ ಪೇಪರ್‌ನಿಂದ ಉಜ್ಜಿ, ಲೋಹ ಹೊಳೆಯುವ ಹಾಗೆ ಮಾಡಿ ಮತ್ತೆ ಬಿಗಿಯಿರಿ. ಎಷ್ಟೋ ಸಲ ಕಾಯಿಲೆ ಇಷ್ಟೇ ಇರುತ್ತದೆ.

"ಇಷ್ಟೆಲ್ಲ ಒದ್ದಾಡೋ ಬದಲು ಹೊಸದೇ ತಗೋಬಹುದಿತ್ತಲ್ಲ?" ಅನ್ನುವವರೂ ಇದ್ದಾರೆ. ತಗೊಳ್ಳಿ ಸ್ವಾಮಿ, ನಾನು ಬೇಡ ಅಂದೆನೇ? ನನ್ನ ವ್ಯಾನಿನ ಕಿವಿಗೆ ಬೀಳುವ ಹಾಗೆ ಹೇಳಬೇಡಿ, ಅಷ್ಟೇ.

ಯಾರೂ ಕೇಳದ ಪ್ರಶ್ನೆ ಒಂದಿದೆ: "ಯಾವುದಕ್ಕೆ ನಾನು ಕೈ ಹಾಕಬಾರದು?" ಇದನ್ನು ಕೇಳಿದವರಿಗೆ ಎಷ್ಟು ಹೊತ್ತು ಬೇಕಾದರೂ ಕೂತು ಹೇಳುತ್ತೇನೆ.

ಬರೀ ಜಾಕ್ ಮೇಲೆ ನಿಂತ ವ್ಯಾನಿನ ಕೆಳಗೆ ತೂರಬೇಡಿ. ಜಾಕ್ ಇರುವುದು ಎತ್ತಲು, ಹೊರಲು ಆಕ್ಸಲ್ ಸ್ಟ್ಯಾಂಡ್ (ವ್ಯಾನಿನ ಕೆಳಗೆ ನಿಲ್ಲಿಸುವ ಗಟ್ಟಿ ಲೋಹದ ಆಸರೆ) ಬೇಕು. ಬ್ರೇಕ್ ಕೆಲಸ ಗೊತ್ತಿದ್ದವರಿಗೆ ಬಿಡಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಹೀರಿದಷ್ಟೂ ಕಡಿಮೆ ಬಿಸಿಗೇ ಕುದಿಯುತ್ತದೆ. ಉದ್ದ ಇಳಿಜಾರಿನಲ್ಲಿ ಬಿಸಿಯೇರಿ ಅದು ಕುದಿದರೆ ಪೆಡಲ್ ನೆಲಕ್ಕೆ ಹೋಗುತ್ತದೆ, ವ್ಯಾನ್ ಮಾತ್ರ ನಿಲ್ಲುವುದಿಲ್ಲ. ಹಿಂದುಗಡೆ ಎಂಜಿನ್ ಇರುವ ಹಳೇ ವೋಕ್ಸ್‌ವ್ಯಾಗನ್ ಟೈಪ್ 2 ನಿಮ್ಮದಾದರೆ ಎಂಜಿನ್ ಮೇಲಿನ ಪೆಟ್ರೋಲ್ ಪೈಪುಗಳನ್ನು ಬಾಗಿಸಿ ನೋಡಿ. ಬಿರುಕು ಕಂಡರೆ ಚಾಲೂ ಮಾಡಲೇಬೇಡಿ. ಆ ಪೈಪುಗಳು ಒಡೆದು ಸುಟ್ಟುಹೋದ ವ್ಯಾನುಗಳು ಬೇಕಾದಷ್ಟಿವೆ.

ಗ್ಯಾಸ್ ಲೈನ್ ಅಂತೂ ಲೈಸೆನ್ಸ್ ಇದ್ದವರ ಕೆಲಸ. ನಿಮಗೆ ಬಿಟ್ಟಿದ್ದು ಒಂದೇ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ಇಳಿಯುತ್ತದೆ. ಸಿಲಿಂಡರ್ ಇಡುವ ಪೆಟ್ಟಿಗೆಯ ತಳದಲ್ಲಿ ತೂತು ಬಿಟ್ಟಿರುವುದು ಅದಕ್ಕೇ. ಚಳಿಗಾಳಿ ಬರುತ್ತದೆ ಅಂತಲೋ ಇಲಿ ನುಗ್ಗುತ್ತದೆ ಅಂತಲೋ ಹಿಂದಿನ ಮಾಲೀಕರು ಅದಕ್ಕೆ ಬಟ್ಟೆ ತುರುಕಿರಬಹುದು. ಇವತ್ತೇ ಹೋಗಿ ನೋಡಿ, ಇದ್ದರೆ ಕಿತ್ತು ಬಿಸಾಕಿ.